ಪಶ್ಚಿಮ ಬಿಟ್ಟು ಪೂರ್ವಕ್ಕೆ: ಹುಬ್ಬಳ್ಳಿಯಿಂದ ಮೂರು ದಿನದ ಎರಿ ಸೀಮೆ ಸುತ್ತು

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದವರು. ಗೋವಾ, ದಾಂಡೇಲಿ, ಜೋಗ, ಯಾಣ ಎಲ್ಲ ಕಾರಲ್ಲಿ ಸುತ್ತಿ ಆಗಿದೆ. ಜನವರಿಯಲ್ಲಿ ಶನಿವಾರ, ಭಾನುವಾರಕ್ಕೆ ಇನ್ನೊಂದು ದಿನ ರಜೆ ಸೇರಿಸಿ, ಯಾರೂ ಹೋಗದ ಒಂದು ದಾರಿ ಹಿಡಿಯಬೇಕು ಅಂತಿದೆ. ನಮ್ಮದು ಸಣ್ಣ ಕಾರು. ಜೊತೆಗೆ ಹೆಂಡತಿ, ಹತ್ತು ವರ್ಷದ ಮಗಳು, ಮೊಣಕಾಲು ನೋವಿರುವ ಅವ್ವ. ಬೆಟ್ಟ ಹತ್ತುವುದು ಆಗಲ್ಲ. ಆದರೂ ಮಗಳಿಗೆ ಒಂದಿಷ್ಟು ಸಾಹಸ ಅನ್ನಿಸಬೇಕು. ಎತ್ತ ಹೋಗಲಿ? ಅದೇ ದಾರಿಗೆ ಮಳೆಗಾಲದಲ್ಲೂ ಹೋಗಬಹುದಾ?

ಉತ್ತರ: ಪೂರ್ವಕ್ಕೆ ಹೋಗಿ. ರಜೆ ಬಂತಂದ್ರೆ ಹುಬ್ಬಳ್ಳಿಯವರ ಸ್ಟೀರಿಂಗ್ ತಾನಾಗಿಯೇ ಪಶ್ಚಿಮಕ್ಕೆ ತಿರುಗುತ್ತದೆ. ಘಟ್ಟ, ಕಾಡು, ಸಮುದ್ರ ಎಲ್ಲ ಆ ಕಡೆಗೇ ಇರುವುದರಿಂದ ಅದು ತಪ್ಪೂ ಅಲ್ಲ. ಗದಗ, ಲಕ್ಷ್ಮೇಶ್ವರ, ಸವಣೂರು, ಹಾವೇರಿ ಅಂದ್ರೆ ನಮಗೆ ಮದುವೆಗೋ ಕೋರ್ಟ್ ಕೆಲಸಕ್ಕೋ ಹೋಗಿ, ಊಟ ಮಾಡಿ, ಸಂಜೆಗೆ ತಿರುಗಿ ಬರುವ ಊರುಗಳು. ನೋಡಲಿಕ್ಕೆ ಅಂತ ಹೋಗುವವರು ಕಡಿಮೆ. ನೀವು ಕೇಳಿದ ‘ಯಾರೂ ಹೋಗದ ದಾರಿ’ ಇದೇ. ಒಟ್ಟು 350ರಿಂದ 400 ಕಿ.ಮೀ. ಆದೀತು. ಮೂರು ದಿನಕ್ಕೆ ಇದು ಆರಾಮದ ಲೆಕ್ಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ದಾರಿ ಯಾವ ತಿಂಗಳಲ್ಲಿ ಹೋದರೂ ಒಂದು ಮಟ್ಟಕ್ಕೆ ಚೆಂದ ಇರುತ್ತದೆ. ಎರಿ ಸೀಮೆ, ಅಂದ್ರೆ ಈ ಕರಿ ಮಣ್ಣಿನ ಬಯಲು, ಹಾಗಲ್ಲ. ಏಪ್ರಿಲ್‌ನಲ್ಲಿ ಇದೇ ದಾರಿಗೆ ಬಂದರೆ ಬಿರುಕು ಬಿಟ್ಟ ಕರಿ ನೆಲ ಮತ್ತು ಬಿಸಿಗಾಳಿ ಬಿಟ್ಟು ಬೇರೇನೂ ಸಿಗಲ್ಲ. ‘ಇಲ್ಲೇನೈತ್ರೀ ನೋಡಾಕ’ ಅಂತ ನೀವೇ ಬೈದುಕೊಂಡು ವಾಪಸಾಗುತ್ತೀರಿ. ಜನವರಿಯಲ್ಲಿ ಅದೇ ನೆಲದ ಮೇಲೆ ಹಿಂಗಾರಿ ಪೈರು ನಿಂತಿರುತ್ತದೆ. ಆಳೆತ್ತರದ ಜೋಳ, ಅದರ ಪಕ್ಕ ಮೊಣಕಾಲೆತ್ತರದ ಕಡಲೆ, ನಡುನಡುವೆ ಕುಸುಬೆಯ ಕೇಸರಿ ಹೂ. ಗಿಡಮರ ಕಡಿಮೆ ಇರುವುದರಿಂದ ಕಣ್ಣು ಎಷ್ಟು ದೂರ ಹೋದರೂ ಅಡ್ಡಿಯಿಲ್ಲ. ಹೀಗಾಗಿ ಇಲ್ಲಿ ಮೊದಲು ತಿಂಗಳು ಆರಿಸಬೇಕು, ಆಮೇಲೆ ವಾರ, ಆಮೇಲೆ ಹೊತ್ತು. ಊರು ಕೊನೆಗೆ. ನೀವು ತಿಂಗಳನ್ನು ಸರಿಯಾಗೇ ಹಿಡಿದಿದ್ದೀರಿ. ಇನ್ನು ಆ ಮೂರನೇ ದಿನ ಶುಕ್ರವಾರ ಬೇಡ, ಸೋಮವಾರ ಸೇರಿಸಿಕೊಳ್ಳಿ. ಯಾಕೆ ಅನ್ನೋದು ಬ್ಯಾಡಗಿಗೆ ಬಂದಾಗ ಗೊತ್ತಾಗುತ್ತದೆ.

ಶನಿವಾರ ಹುಬ್ಬಳ್ಳಿ ಬಿಡುವ ಹೊತ್ತಿನ ಬಗ್ಗೆ ಸ್ವಲ್ಪ ಯೋಚಿಸಿ. ಗದಗಕ್ಕೆ ಹೆಚ್ಚುಕಡಿಮೆ 58 ಕಿ.ಮೀ., ದಾರಿ ನೇರ ಪೂರ್ವಕ್ಕೆ. ಏಳಕ್ಕೆ ಹೊರಟರೆ ಇಡೀ ದಾರಿ ಸೂರ್ಯ ಗಾಜಿನ ಮುಂದೆಯೇ ಕೂತಿರುತ್ತಾನೆ. ಸಂಜೆ ಇದೇ ದಾರಿಯಲ್ಲಿ ವಾಪಸ್ ಬಂದರೂ ಅದೇ ಕಥೆ, ಈ ಸಲ ಇಳಿಬಿಸಿಲು. ಗದಗಕ್ಕೆ ದಿನಾ ಓಡಾಡುವ ಡ್ರೈವರ್‌ಗಳನ್ನು ಕೇಳಿ ನೋಡಿ, ಮೊದಲು ಇದನ್ನೇ ಹೇಳುತ್ತಾರೆ. ಮನೆಯಲ್ಲೇ ನಾಷ್ಟಾ ಮುಗಿಸಿ ಒಂಬತ್ತರ ಹೊತ್ತಿಗೆ ಹೊರಡಿ. ವಾಪಸ್ ಬರುವುದು ಹೇಗೂ ಹಾವೇರಿ ಕಡೆಯಿಂದ ಉತ್ತರಕ್ಕೆ. ಆ ತೊಂದರೆ ಅಲ್ಲಿಲ್ಲ.

ನಡುವೆ ಅಣ್ಣಿಗೇರಿ ಸಿಗುತ್ತದೆ. ಪಂಪ ಹುಟ್ಟಿದ ಊರು ಅಂತ ಹೆಸರಾಗಿದೆ. ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಊರೊಳಗೆ ತಿರುಗಲು ಮನಸ್ಸಿದ್ದರೆ ಅರ್ಧ ತಾಸು ಸಾಕು. ಇಲ್ಲಿಂದ ಮುಂದೆ ವೇಗ ಇಳಿಸಿ, ಬದಿಯ ಹೊಲಗಳ ಮೇಲೆ ಕಣ್ಣಿಡಿ. ಸುಲಗಾಯಿ ಮಾರುವವರು ರಸ್ತೆ ಬದಿಯಲ್ಲೇ ಕೂತಿರುತ್ತಾರೆ. ಕಾಯಿ ತುಂಬಿದ ಹಸಿ ಕಡಲೆ ಗಿಡವನ್ನೇ ಕಿತ್ತು ಸೂಡು ಕಟ್ಟಿ ಇಟ್ಟಿರುತ್ತಾರೆ. ಮಗಳ ಕೈಗೆ ಒಂದು ಸೂಡು ಕೊಟ್ಟರೆ ಗದಗದವರೆಗೂ ಅವಳಿಗೆ ಮೊಬೈಲ್ ನೆನಪಾಗಲ್ಲ. ಕಡಲೆ ಗಿಡದ ಹುಳಿ ಬೆರಳಿಗೆ ಅಂಟುತ್ತದೆ, ಅಷ್ಟೇ. ಕಣ್ಣು ಮುಟ್ಟಿಕೊಳ್ಳುವ ಮೊದಲು ಕೈ ತೊಳೆಸಿ.

ಅದೃಷ್ಟ ಇದ್ದರೆ ಸೀತನಿಯೂ ಸಿಕ್ಕೀತು. ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ ಅದು. ಹೊಲದ ಬದುವಿನಲ್ಲಿ ಹೊಗೆ ಕಂಡರೆ ಗಾಡಿ ನಿಲ್ಲಿಸಿ, ‘ಸೀತನಿ ಸುಡಾಕತ್ತೀರೇನ್ರೀ?’ ಅಂತ ಕೇಳಿ. ಹಾಲು ಗಟ್ಟಿಯಾಗುತ್ತಿರುವ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಹುಗಿದು ಸುಡುತ್ತಾರೆ. ಬಿಸಿ ಇರುವಾಗಲೇ ಹೊರಗೆ ತೆಗೆದು, ಗೋಣಿಚೀಲದ ಮೇಲಿಟ್ಟು ಅಂಗೈಯಿಂದ ತಿಕ್ಕುತ್ತಾರೆ. ಹಸಿರು ಕಾಳು ಪಟಪಟ ಉದುರುತ್ತವೆ. ಮೊರದಲ್ಲಿ ಕೇರಿ, ಬೂದಿ ಹೊಟ್ಟು ಊದಿ, ಬೊಗಸೆಗೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲದ ಚೂರು. ತೆನೆ ಆ ಹದದಲ್ಲಿ ಇರುವುದು ಕೆಲವೇ ದಿನ, ಆಮೇಲೆ ಕಾಳು ಬಲಿತುಬಿಡುತ್ತದೆ. ಹೊಲದವರು ದುಡ್ಡು ಮುಟ್ಟಲ್ಲ, ಒತ್ತಾಯ ಮಾಡಬೇಡಿ. ಕಾರಿನಲ್ಲಿ ಪೇಡೆ ಡಬ್ಬಿ ಇಟ್ಟುಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತದೆ.

ಗದಗ ದಾಟಿ ಹೊಸಪೇಟೆ ರಸ್ತೆಯಲ್ಲಿ 12 ಕಿ.ಮೀ. ಹೋದರೆ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅನ್ನೋ ಮಾತು ನೀವೂ ಕೇಳಿರುತ್ತೀರಿ. ಎಲ್ಲ ನೋಡುವ ಆಸೆ ಬಿಟ್ಟುಬಿಡಿ, ಮೂರು ಸಾಕು. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವ ಮತ್ತು ಸೂರ್ಯನ ಗರ್ಭಗುಡಿಗಳು ಎದುರುಬದುರು ಇವೆ. ಅದರ ಬಾಗಿಲವಾಡದ ಕೆತ್ತನೆಯನ್ನು ದೂರದಿಂದ ನೋಡಿ ಮುಂದೆ ಹೋಗಬೇಡಿ, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿ. ಬ್ರಹ್ಮ ಜಿನಾಲಯ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಪುರಾಣದ ಸಾವಿರ ಓಲೆಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅಂತ ಅವಳ ಹೆಸರು. ಮಗಳಿಗೆ ಅದನ್ನು ಹೇಳಿ. ಮೂರನೆಯದು ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಸಾಹಸ ಬೇಕು ಅಂದಿದ್ದಿರಲ್ಲ, ಮಗಳಿಗೆ ಅದು ಇಲ್ಲೇ ಸಿಗುತ್ತದೆ. ಮೆಟ್ಟಿಲುಗಳ ನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳಿವೆ. ಮೆಟ್ಟಿಲು ಕಡಿದು, ಹಿಡಿಯಲು ಏನೂ ಇಲ್ಲ. ಮಗಳ ಕೈ ಹಿಡಿದು ಒಬ್ಬರು ಇಳಿಯಿರಿ. ಅವ್ವ ಮೇಲೆ ಗುಡಿಯ ಕಟ್ಟೆ ಮೇಲೆ ಕೂತಿರಲಿ, ಅಲ್ಲಿಂದಲೂ ಬಾವಿ ಕಾಣುತ್ತದೆ.

ಮಧ್ಯಾಹ್ನ ಗದಗದಲ್ಲಿ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಊಟ. ಆಮೇಲೆ ಡಂಬಳ. ದೊಡ್ಡಬಸಪ್ಪನ ಗುಡಿ ಒಂದೇ ಸಾಕು, ಅಲ್ಲಿಗೆ ಹೋಗಿದ್ದಕ್ಕೆ ಸಾರ್ಥಕ. ಅದರ ತಳವಿನ್ಯಾಸ 24 ಕೋನದ ನಕ್ಷತ್ರ. ಅಂಥದ್ದು ಚಾಲುಕ್ಯರ ಗುಡಿಗಳಲ್ಲೇ ಅಪರೂಪ. ಹೊರಗಿನಿಂದ ಸುತ್ತು ಹಾಕುವಾಗ ಮಗಳಿಗೆ ಕೋನ ಎಣಿಸಲು ಹೇಳಿ. ಲೆಕ್ಕ ತಪ್ಪುತ್ತದೆ, ಮತ್ತೆ ಸುತ್ತುತ್ತಾಳೆ. ಇದೇ ಊರಿನಲ್ಲಿ 1095ರ ಒಂದು ಶಾಸನ ಬೌದ್ಧರ ತಾರಾದೇವಿಯನ್ನು ನೆನೆಯುತ್ತದೆ. ಗದಗ ಸೀಮೆಯಲ್ಲಿ ಬೌದ್ಧರೂ ಇದ್ದರು ಅನ್ನೋದು ಬಹಳ ಜನರಿಗೆ ಹೊಸ ಸುದ್ದಿ.

ಡಂಬಳದ ಆಚೆ ಕಾಣುವ ಸಾಲು ಗುಡ್ಡವೇ ಕಪ್ಪತಗುಡ್ಡ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ. ನೆಲದಡಿ ಚಿನ್ನ, ಕಬ್ಬಿಣದ ಅದಿರು ಇರುವುದರಿಂದ ಗಣಿಯವರ ಕಣ್ಣೂ ಬಿದ್ದಿತ್ತು. ಊರವರು, ಮಠದವರು, ಸಾಹಿತಿಗಳು ಸೇರಿ ಹೋರಾಡಿದರು. 2019ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾಯಿತು. ಕತ್ತೆಕಿರುಬ, ತೋಳ, ಚಿರತೆ ಇವೆ. ನಿಮಗೆ ಅವು ಕಾಣುತ್ತವೆ ಅಂತ ಹೇಳಲಾರೆ. ಆದರೆ ಡೋಣಿ ಊರಿನ ಕಡೆಗೆ ಹೋಗುವಾಗ ಸಂಜೆ ಐದರ ಬಿಸಿಲಲ್ಲಿ ಗುಡ್ಡದ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಏಣಿನ ಮೇಲೆ ಗಾಳಿಯಂತ್ರಗಳ ಸಾಲು ಸುತ್ತುತ್ತಿರುತ್ತದೆ. ಕಾರು ರಸ್ತೆಯಲ್ಲೇ ಇರಲಿ. ಒಣ ಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ನಿಲ್ಲಿಸಬೇಡಿ, ಸಿಗರೇಟು ಸೇದುವವರಿದ್ದರೆ ಕಾರಲ್ಲೇ ಇರಲಿ. ಪ್ರತಿ ಬೇಸಿಗೆ ಈ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಕತ್ತಲಾಗುವ ಮೊದಲೇ ಗದಗಕ್ಕೆ ಹಿಂತಿರುಗಿ, ಅಲ್ಲೇ ರಾತ್ರಿ ಉಳಿಯಿರಿ.

ರಾತ್ರಿ ಗಾಡಿ ಓಡಿಸಬೇಡಿ ಅನ್ನೋದು ಸುಮ್ನೆ ಹೆದರಿಸಲಿಕ್ಕೆ ಹೇಳುವ ಮಾತಲ್ಲ. ಈ ಸೀಮೆಯ ರಸ್ತೆಗಳಲ್ಲಿ ಹತ್ತಿ, ಕಣಿಕೆ, ಹೊಟ್ಟು ತುಂಬಿದ ಟ್ರ್ಯಾಕ್ಟರ್‌ಗಳು ಹಿಂದಿನ ದೀಪ ಇಲ್ಲದೇ ಹೋಗುತ್ತವೆ. ಹೊರೆ ಎರಡೂ ಬದಿಗೆ ಚಾಚಿರುತ್ತದೆ. ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ ಮುಂದಿರುವ ಟ್ರೇಲರ್ ಕಾಣುವುದೇ ಇಲ್ಲ. ಹಗಲಿಗೆ ಇನ್ನೊಂದು ಅಪಾಯ ಇದೆ, ರಸ್ತೆ ಮೇಲಿನ ರಾಶಿ. ರೈತರು ಹುರುಳಿಯಂಥ ಪೈರನ್ನು ಡಾಂಬರಿನ ಮೇಲೆ ಹರವಿ, ಓಡುವ ಗಾಡಿಗಳಿಂದಲೇ ತುಳಿಸಿಕೊಳ್ಳುತ್ತಾರೆ. ಹಂತಿ ಕಟ್ಟಿ ತುಳಿಸಲು ಎತ್ತು ಎಲ್ಲಿವೆ, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ನಿಮ್ಮದು ಸಣ್ಣ ಕಾರು. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡ ಕಾರುಗಳೂ ಇವೆ. ರಾಶಿ ಕಂಡರೆ ಬದಿಯಲ್ಲಿ ಜಾಗ ಇದ್ದರೆ ತಪ್ಪಿಸಿ. ದಾಟಲೇಬೇಕಾದರೆ ನಿಧಾನಕ್ಕೆ ದಾಟಿ, ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಬಳ್ಳಿ ಸಿಕ್ಕಿದ್ದರೆ ಎಳೆದು ತೆಗೆದೇ ಹೊರಡಿ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಬೇಗ ಎಬ್ಬಿಸಬೇಕು. ಬೈದರೆ ಬೈಸಿಕೊಳ್ಳಿ. ಸೂರ್ಯ ಹುಟ್ಟುವ ಹೊತ್ತಿಗೆ ಮಾಗಡಿ ಕೆರೆಯ ದಂಡೆಯಲ್ಲಿ ಇರಬೇಕು. ಬೆಂಗಳೂರು ಹತ್ತಿರದ ಮಾಗಡಿ ಅಲ್ಲ, ಶಿರಹಟ್ಟಿ ತಾಲೂಕಿನದು. ಗದಗದಿಂದ 26 ಕಿ.ಮೀ. ಆಸುಪಾಸು. ಚಳಿಗಾಲಕ್ಕೆ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಒಮ್ಮೆ ನೋಡಿದರೆ ಮತ್ತೆ ಗುರುತು ತಪ್ಪಲ್ಲ. ಹಗಲು ಬಹುಪಾಲು ನೀರಿನಲ್ಲೋ ದಂಡೆಯಲ್ಲೋ ಕೂತಿರುತ್ತವೆ. ಹೊಲಕ್ಕೆ ಮೇಯಲು ಹೋಗಿ ಬರುವ ಓಡಾಟ ಬೆಳಗಿನ ಮತ್ತು ಸಂಜೆಯ ಹೊತ್ತಿನದು. ಹತ್ತು ಗಂಟೆಗೆ ಹೋದರೆ ನಿಮಗೆ ದೂರದಲ್ಲಿ ಕೂತ ಬೂದು ಚುಕ್ಕೆಗಳು ಕಂಡಾವು. ಬೆಳಿಗ್ಗೆ ಹೋದರೆ ಗುಂಪು ಗುಂಪಾಗಿ ಕೂಗುತ್ತಾ ತಲೆ ಮೇಲೇ ಹಾಯುತ್ತವೆ. ಮೊದಲು ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ.

ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲೇ ಇವು ಮೇಯುತ್ತವೆ. ರೈತರಿಗೆ ಅದು ನಷ್ಟವೇ. ಆದರೂ ಊರವರು ಅವನ್ನು ಬಡಿಯದೇ ಬಿಟ್ಟಿದ್ದಾರೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಜೊತೆಗೆ. ಬೈನಾಕ್ಯುಲರ್ ಇಲ್ಲದಿದ್ದರೆ ಯಾರಿಂದಾದರೂ ಕಡ ತನ್ನಿ, ಇಡೀ ಪ್ರವಾಸದಲ್ಲಿ ಅದರಷ್ಟು ಉಪಯೋಗಕ್ಕೆ ಬರುವ ವಸ್ತು ಬೇರೆ ಇಲ್ಲ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಹಾರನ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ನೆಲ ಸಮತಟ್ಟು, ಅವ್ವನಿಗೆ ಒಂದು ಮಡಚುವ ಕುರ್ಚಿ ಮತ್ತು ಶಾಲು ಇದ್ದರೆ ಸಾಕು.

ಲಕ್ಷ್ಮೇಶ್ವರಕ್ಕೆ ನಾಷ್ಟಾ ಹೊತ್ತಿಗೆ ತಲುಪಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು ಸೋಮೇಶ್ವರ ಗುಡಿಗೆ ಹೋಗಿ. ಇಲ್ಲಿ ಲಿಂಗ ಅಲ್ಲ, ನಂದಿಯ ಮೇಲೆ ಕೂತ ಶಿವ ಪಾರ್ವತಿ. ಶಾಸನ, ಹಳೆಗನ್ನಡ ಕಾವ್ಯಗಳಲ್ಲಿ ಬರುವ ಪುಲಿಗೆರೆ ಇದೇ. ಹೆಚ್ಚು ಹೊತ್ತು ಬೇಡ, ಮುಂದೆ ಸವಣೂರಿದೆ.

ಸವಣೂರು ಅಂದ್ರೆ ನವಾಬರು, ವೀಳ್ಯದೆಲೆ ಮತ್ತು ಖಾರ ಅನ್ನೋ ಕುರುಕಲು ತಿಂಡಿ. ಖಾರ ಕಟ್ಟಿಸಿಕೊಳ್ಳಿ, ಅದರಲ್ಲಿ ಚರ್ಚೆ ಇಲ್ಲ. ಆದರೆ ನಾನು ನಿಮ್ಮನ್ನು ಕಳಿಸುವುದು ಮರಗಳಿಗೆ. ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಮರಗಳಿವೆ. ಐದಾರು ಜನ ಕೈ ಕೈ ಹಿಡಿದು ನಿಂತರೂ ಬುಡದ ಸುತ್ತು ಸಾಲದು. ಇವು ಇಲ್ಲಿಗೆ ಹೇಗೆ ಬಂದವು ಅನ್ನೋದಕ್ಕೆ ಊರಲ್ಲಿ ಕೇಳಿದಷ್ಟೂ ಕಥೆ ಸಿಗುತ್ತವೆ, ಶ್ರೀಕೃಷ್ಣನವರೆಗೂ ಹೋಗುತ್ತವೆ. ಎರಡು ಸಾವಿರ ವರ್ಷ ಹಳೆಯವು ಅನ್ನೋ ಮಾತನ್ನು ಕೇಳಿಸಿಕೊಳ್ಳಿ, ನಂಬಲೇಬೇಕು ಅಂತಿಲ್ಲ. ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಉರುಳಿಬಿತ್ತು. ಕಡಿದು ಕಟ್ಟಿಗೆ ಮಾಡದೇ ಕೊಂಬೆ ತರಿದು, ಕ್ರೇನ್ ಹಚ್ಚಿ ಮತ್ತೆ ನಿಲ್ಲಿಸಿದರು. ಮಗಳು ತೊಗಟೆ ಮುಟ್ಟಿ ನೋಡಲಿ. ಆನೆಯ ಚರ್ಮದ ಹಾಗೆ ಮಡಿಕೆ ಮಡಿಕೆಯಾಗಿದೆ. ಇದು ಮಠದ ಜಾಗ, ಚಪ್ಪಲಿ ಹೊರಗೆ ಬಿಡಿ, ಕೇಳಿ ಒಳಗೆ ಹೋಗಿ.

ಬಿಸಿಲು ಇಳಿದ ಮೇಲೆ ಬಂಕಾಪುರ ಕೋಟೆ. ಪಾಳುಬಿದ್ದ ಕೋಟೆಯೊಳಗೆ ಖಿಲಾರಿ ತಳಿಯ ದನ ಸಾಕುವ ಕೇಂದ್ರವಿದೆ, ನವಿಲುಧಾಮವೂ ಇದೆ. ಅರವತ್ತು ಕಂಬದ ಗುಡಿ ಅಂತ ಕರೆಯುವ ನಗರೇಶ್ವರ ಗುಡಿಯೂ ಅಲ್ಲೇ. ನವಿಲು ಸಂಜೆ ಮೇಯಲು ಹೊರಬರುತ್ತವೆ. ಕುಣಿತದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಮಳೆಗಾಲ ಮುಗಿಯುತ್ತಲೇ ಗಂಡು ನವಿಲಿನ ಗರಿ ಉದುರುತ್ತವೆ, ಜನವರಿಯಲ್ಲಿ ಇನ್ನೂ ಬೆಳೆಯುತ್ತಿರುತ್ತವೆ. ಮಗಳಿಗೆ ಮೊದಲೇ ಹೇಳಿದರೆ ನಿರಾಶೆ ಆಗಲ್ಲ. ರಾತ್ರಿಗೆ ಹಾವೇರಿ.

ಸೋಮವಾರ ಯಾಕೆ ಅಂದೆ ಅಂದ್ರೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಮೋಟೆಬೆನ್ನೂರಲ್ಲಿ ಹೆದ್ದಾರಿ ಬಿಟ್ಟು ತಿರುಗುವ ಹೊತ್ತಿಗೇ ಮೂಗಿಗೆ ಗೊತ್ತಾಗುತ್ತದೆ. ಹಂಗಾಮಿನ ಜೋರು ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಚೀಲ ಬರುತ್ತವೆ. ಹಾವೇರಿ, ಧಾರವಾಡದ ಮಾಲಿಗಿಂತ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೇ ಈಗ ಹೆಚ್ಚು. ದಲ್ಲಾಳಿ ಅಂಗಡಿಗಳ ಮುಂದೆ ಚೀಲದ ಬಾಯಿ ಬಿಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಖರೀದಿದಾರರು ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತುತ್ತಾರೆ. ಬಣ್ಣ ನೋಡುತ್ತಾರೆ, ಮುರಿದು ಹಸಿ ಇದೆಯಾ ಅಂತ ನೋಡುತ್ತಾರೆ, ಅಲುಗಾಡಿಸಿ ಬೀಜದ ಸದ್ದು ಕೇಳುತ್ತಾರೆ. ಡಬ್ಬಿ ಅಂದ್ರೆ ಗಿಡ್ಡ, ದಪ್ಪ. ಕಡ್ಡಿ ಅಂದ್ರೆ ಉದ್ದ, ಸಣ್ಣ, ಮೈತುಂಬಾ ಸುಕ್ಕು. ಬ್ಯಾಡಗಿಯ ಬೆಲೆ ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ತೆಗೆದು ಎಣ್ಣೆರೂಪದಲ್ಲಿ ಮಾರುವ ಕಾರ್ಖಾನೆಗಳೇ ಇವೆ. ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ದಮ್ಮು (ಅಸ್ತಮಾ) ಇದ್ದರೆ ಮಾರುಕಟ್ಟೆಯೊಳಗೆ ಕರೆದುಕೊಂಡು ಹೋಗಬೇಡಿ. ಉಳಿದವರಿಗೂ ಒದ್ದೆ ಕರ್ಚೀಫು ಕಡ್ಡಾಯ. ಕಾರಿನ ಗಾಜು ಏರಿಸಿ, ಏಸಿಯಲ್ಲಿ ಹೊರಗಿನ ಗಾಳಿ ಬರದಂತೆ ಮಾಡಿ. ಹಮಾಲರ ದಾರಿಗೆ ಅಡ್ಡ ನಿಲ್ಲಬೇಡಿ. ಹೆಗಲ ಮೇಲೆ ಚೀಲ ಇರುವವರು ನಿಮ್ಮ ಫೋಟೋಗೆ ಕಾಯಲ್ಲ. ಸೋಮವಾರ ಹಬ್ಬವೋ ಸರ್ಕಾರಿ ರಜೆಯೋ ಬಂದಿದ್ದರೆ ವಹಿವಾಟು ಇದೆಯಾ ಅಂತ ಹಿಂದಿನ ದಿನ ಹಾವೇರಿಯಲ್ಲೇ ವಿಚಾರಿಸಿ.

ಅಲ್ಲಿಂದ ಮಧ್ಯಾಹ್ನಕ್ಕೆ ತುಂಗಭದ್ರೆ. ನಾನಾದರೆ ಚೌಡದಾನಪುರಕ್ಕೆ ಹೋಗುತ್ತೇನೆ. ಗುತ್ತಲದ ಗುತ್ತ ಅರಸರ ನೆನಪಿನ ಊರು. ತಮ್ಮದು ಉಜ್ಜಯಿನಿಯ ಚಂದ್ರಗುಪ್ತನ ವಂಶ ಅಂತ ಶಾಸನಗಳಲ್ಲಿ ಹೇಳಿಕೊಂಡವರು ಅವರು. ಮುಕ್ತೇಶ್ವರ ಗುಡಿ ಹೊಳೆಯ ದಂಡೆಯಲ್ಲೇ ಇದೆ. ಆಳೆತ್ತರದ ಶಾಸನಗಳು ಅಂಗಳದಲ್ಲಿ ನಿಂತಿವೆ. ಸಂಕ್ರಾಂತಿ ಸುತ್ತಿನ ದಿನಗಳಾದರೆ ಹೊಳೆಗೆ ಬಂದು, ಮಿಂದು, ರೊಟ್ಟಿ ಬುತ್ತಿ ಬಿಚ್ಚಿದ ಕುಟುಂಬಗಳ ನಡುವೆ ನಿಮ್ಮದೂ ಒಂದು ಬುತ್ತಿ ಆದೀತು. ಹಾವೇರಿಯಲ್ಲಿ ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಬನ್ನಿ, ಅಲ್ಲಿ ಹೋಟೆಲ್ ನಂಬಿಕೊಳ್ಳಬೇಡಿ. ಈಜಲು ಇಳಿಯುವುದು ಬೇಡ, ಹೊಳೆಯಲ್ಲಿ ಎಲ್ಲಿ ಗುಂಡಿ ಇದೆಯೋ ಹೇಳಲಾಗದು. ಮಗಳಿಗೆ ಗುಡಿ ಸಾಕಾಗಿದ್ದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇನ್ನೊಂದು ಆಯ್ಕೆ. 1974ರಲ್ಲಿ ಆದದ್ದು, 119 ಚದರ ಕಿ.ಮೀ. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಬೇಡಿ.

ಇನ್ನು ಮ್ಯಾಪ್ ವಿಷಯ. ಫೋನ್ ತೋರಿಸುವ ‘ಹತ್ತಿರದ ದಾರಿ’ ಬಹಳ ಸಲ ಹೊಲಕ್ಕೆ ಹೋಗುವ ಚಕ್ಕಡಿ ದಾರಿ. ಜನರನ್ನು ಕೇಳಿ. ಆದರೆ ‘ದಾರಿ ಐತೇನ್ರೀ?’ ಅಂತ ಕೇಳಬೇಡಿ. ಐತಿ ಅಂತಾರೆ, ಚಕ್ಕಡಿಗೆ ಇದ್ದೇ ಇರುತ್ತದಲ್ವಾ. ‘ಸಣ್ಣ ಕಾರು ಹೊಕ್ಕೈತೇನ್ರೀ, ನಿನ್ನೆ ಮೊನ್ನೆ ಯಾವುದಾದರೂ ಹೋಗೇತೇನ್ರೀ?’ ಅಂತ ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಪ್ಪತಗುಡ್ಡ ಹಸಿರಾಗಿರುತ್ತದೆ. ಹೊಲದಲ್ಲಿ ಹೆಸರು, ಶೇಂಗಾ, ಈರುಳ್ಳಿ ಇರುತ್ತವೆ. ಚೆಂದವೇ. ಆದರೆ ಹೆಬ್ಬಾತು ಇರಲ್ಲ, ಸೀತನಿ ಇರಲ್ಲ, ಬ್ಯಾಡಗಿಯ ಹಂಗಾಮೂ ಅಲ್ಲ. ಹೋಗುವುದಾದರೆ ದೊಡ್ಡ ರಸ್ತೆ ಬಿಟ್ಟು ಇಳಿಯಲೇಬೇಡಿ. ನೆನೆದ ಎರಿ ಮಣ್ಣು ಗಾಲಿಗೆ ಅಂಟಿಕೊಂಡು ದಪ್ಪವಾಗುತ್ತಾ ಹೋಗಿ ಮಡ್‌ಗಾರ್ಡ್‌ಗೆ ಸಿಕ್ಕಿ ಗಾಲಿಯೇ ತಿರುಗಲ್ಲ. ಎದುರು ಬಸ್ ಬಂತು ಅಂತ ಡಾಂಬರು ಬಿಟ್ಟು ಒಂದು ಮಾರು ಬದಿಗೆ ಸರಿದರೂ ಟ್ರ್ಯಾಕ್ಟರ್ ಕರೆಸಬೇಕಾದೀತು. ನವಲಗುಂದ, ರೋಣದ ಕಡೆ ತಿರುಗಿದರೆ ಬೆಣ್ಣಿಹಳ್ಳದ ಬಗ್ಗೆ ಎಚ್ಚರ. ಅದು ಶಿಗ್ಗಾವಿ ಕಡೆಯಿಂದ ಹರಿದು ಬರುವ ಹಳ್ಳ. ನೀವಿರುವಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಮಳೆಯಾದರೆ ಇಲ್ಲಿ ಸೇತುವೆ ಮೇಲೆ ನೀರು ಬರುತ್ತದೆ. ನೀರು ಹರಿಯುತ್ತಿದ್ದರೆ ದಾಟುವ ಧೈರ್ಯ ಮಾಡಬೇಡಿ, ಎದುರಿನ ಬೈಕ್‌ನವ ದಾಟಿದ ಅಂತಲೂ ಮಾಡಬೇಡಿ.

ಸಣ್ಣ ಕಾರು ಸಾಕಾ ಅನ್ನೋ ಅನುಮಾನ ಇದ್ದರೆ, ಸಾಕು. ಜನವರಿಯಲ್ಲಿ ನೆಲ ಒಣಗಿರುತ್ತದೆ, ನಾನು ಹೇಳಿದ ಜಾಗಗಳಿಗೆಲ್ಲ ಡಾಂಬರು ರಸ್ತೆ ಇದೆ. ಹೊರಡುವ ಮುನ್ನ ಸ್ಟೆಪ್ನಿಯ ಗಾಳಿ ನೋಡಿಸಿ, ಬಹಳ ಜನ ನಾಲ್ಕು ಗಾಲಿಗೆ ಹೊಡೆಸಿ ಐದನೆಯದನ್ನು ಮರೆಯುತ್ತಾರೆ. ಡಿಕ್ಕಿಯಲ್ಲಿ ಒಂದು ಅಡಿ ಅಗಲದ ಗಟ್ಟಿ ಹಲಗೆ ತುಂಡು ಹಾಕಿಕೊಳ್ಳಿ. ಎರಿ ನೆಲದಲ್ಲಿ ಜಾಕ್ ಬರಿದೇ ಇಟ್ಟರೆ ಕಾರು ಮೇಲೇಳುವ ಬದಲು ಜಾಕ್ ಕೆಳಗಿಳಿಯುತ್ತದೆ.